ತುಂಬಿಸಬಾರದಿದ್ದ ಪೀಪಾಯಿ

ವೈನು ಮಾಡುವವರಿಗೆ ಒಂದು ಚಾಳಿ ಇರುತ್ತದೆ, ಪೀಪಾಯಿ ಕಂಡರೆ ತುಂಬಿಸುವುದು. ಮರದ ಸಂದಿಯಲ್ಲಿ ವೈನು ತನ್ನಷ್ಟಕ್ಕೆ ಆರಿಹೋಗುತ್ತಿರುತ್ತದೆ. ಖಾಲಿಯಾದ ಜಾಗಕ್ಕೆ ಗಾಳಿ ಬಂದು ಕೂತರೆ ಒಳಗಿರುವುದೆಲ್ಲ ಹುಳಿಯಾಗುತ್ತದೆ. ಅದಕ್ಕೇ ಆಗಾಗ ಬಿರಡೆ ತೆಗೆದು, ಆಲಿಕೆ ಇಟ್ಟು, ಚೊಂಬಿನಷ್ಟು ಸುರಿದು ಬಾಯಿಮಟ್ಟ ಮಾಡಬೇಕು. ಅಣ್ಣ ತಮ್ಮ ಇಬ್ಬರೂ ಈ ಪಾಠವನ್ನು ಅಪ್ಪನಿಂದಲೇ ಕಲಿತವರು. ತಮ್ಮ ಅದನ್ನು ಚಾಚೂ ತಪ್ಪದೆ ಪಾಲಿಸಿದ. ಅಣ್ಣನಿಗೆ ಯಾವ ಪಾಠವೂ ನೆಟ್ಟಗೆ ತಲೆಗೆ ಹತ್ತುತ್ತಿರಲಿಲ್ಲ.

ಒಂದು ವರ್ಷ ಅಣ್ಣ ಬಿಳಿ ವೈನಿನ ಒಂದು ಪೀಪಾಯಿಯನ್ನು ಬೇಕೆಂದೇ ಪೂರ್ತಿ ತುಂಬಿಸದೆ ಬಿಟ್ಟ. ಬಿರಡೆಯ ಕೆಳಗೆ ಮೊಣಕೈ ಮುಳುಗುವಷ್ಟು ಜಾಗ ಖಾಲಿ. ಕೆಲವು ತಿಂಗಳಲ್ಲಿ ಒಳಗೆ ಹಾಲಿನ ಕೆನೆಯಂಥ ಪದರ ಕಟ್ಟಿತು. ಆ ಕೆನೆ ಒಡೆಯದೆ ಇದ್ದರೆ, ಅದರಡಿಯಲ್ಲಿ ವೈನು ವರ್ಷಗಟ್ಟಲೆ ಮಾಗುತ್ತದೆ ಎಂದ. ಪೀಪಾಯಿಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಗುಣಿಸು ಚಿಹ್ನೆ ಎಳೆದ. ಮುಟ್ಟಬಾರದು ಅಂತ. ಊರೆಲ್ಲ ನಕ್ಕಿತು, ತಮ್ಮನೂ ನಕ್ಕ. ಆಮೇಲೆ ಒಂದು ದಿನ ತಳದ ನಲ್ಲಿಯಿಂದ ಒಂದು ಗುಟುಕು ತೆಗೆದು ಅಣ್ಣ ತನ್ನ ಹೆಂಡತಿಗೆ ಕುಡಿಸಿದ. ಹುರಿದ ಬಾದಾಮಿ, ಉಪ್ಪುಗಾಳಿ, ಇನ್ನೇನೋ ಹೆಸರಿಲ್ಲದ್ದು ಎಂದು ಅತ್ತಿಗೆ ವಾರವಿಡೀ ಅದನ್ನೇ ಹೇಳಿಕೊಂಡು ಓಡಾಡಿದರು. ತಮ್ಮನಿಗೆ ಯಾರೂ ಕೊಡಲಿಲ್ಲ. ಕೊಡುವುದಿರಲಿ, ಗಿರಾಕಿಗಳ ಮುಂದೆ ಅಣ್ಣ ಹೆಗಲ ಮೇಲೆ ಕೈಹಾಕಿ, "ನನ್ನ ತಮ್ಮನ ವೈನು ಬಹಳ ಒಳ್ಳೇದು ಕಣ್ರಪ್ಪ, ಯಾರಿಗೂ ತೊಂದ್ರೆ ಕೊಡಲ್ಲ, ಯಾರಿಗೂ ನೆನಪೂ ಇರಲ್ಲ" ಅಂದಿದ್ದ. ತಮ್ಮನೂ ಎಲ್ಲರ ಜೊತೆ ನಕ್ಕಿದ್ದ.

ಅಣ್ಣ ಎದೆನೋವು ಬಂದು ಒಂದೇ ಗಳಿಗೆಯಲ್ಲಿ ಹೋಗಿಬಿಟ್ಟ. ಉಳಿದದ್ದು ಆ ಪೀಪಾಯಿ. ಇನ್ನೊಂದು ಸುಗ್ಗಿ ಕಳೆದ ಮೇಲೆ ತೆಗೆಯೋಣ, ನಿಮ್ಮಣ್ಣ ಅಷ್ಟು ಕಾಲ ಬಿಡಬೇಕು ಅಂದಿದ್ರು ಎಂದರು ಅತ್ತಿಗೆ. ನೆಲಮಾಳಿಗೆಯ ಕೀಲಿ ಮೈದುನನ ಕೈಯಲ್ಲೇ ಉಳಿಯಿತು.

ಸುಗ್ಗಿಗೆ ಮುಂಚೆ ನೆಲಮಾಳಿಗೆಯ ನೆಲಕ್ಕೆ ಸಿಮೆಂಟು ಹಾಕಿಸಬೇಕಾಯಿತು. ಪೀಪಾಯಿಗಳನ್ನು ಅಲುಗಾಡದಂತೆ ಹೊರಗೆ ಜಾರಿಸಿ, ಬೂಷ್ಟು ಒರೆಸಿ, ಮತ್ತೆ ಒಳಗೆ ಸಾಲಾಗಿ ಇಟ್ಟರು. ಒರೆಸುವಾಗ ಸೀಮೆಸುಣ್ಣವೂ ಹೋಯಿತು, ಸಾಲೂ ಬದಲಾಯಿತು. ಮರುದಿನ ತಮ್ಮ ಆಲಿಕೆ ಹಿಡಿದು ಬಂದ. ಒಂದೊಂದಕ್ಕೂ ಚೊಂಬಿನಷ್ಟು ಸುರಿಯುತ್ತ ಸಾಗಿದ. ಒಂದು ಪೀಪಾಯಿ ಮಾತ್ರ ಕುಡಿಯುತ್ತಲೇ ಹೋಯಿತು. ಚೊಂಬಾಯಿತು, ಇಡೀ ಕ್ಯಾನಾಯಿತು. ಒಳಗೆ ವೈನು ಬೀಳುವ ಸದ್ದು ಬಾವಿಗೆ ಬಿದ್ದಂತೆ ದೂರದಿಂದ ಕೇಳುತ್ತಿತ್ತು.

ಆ ಸದ್ದು ಏನು ಹೇಳುತ್ತದೆಂದು ಈ ಕಸುಬಿನವನಿಗೆ ಯಾರೂ ತಿಳಿಸಬೇಕಿಲ್ಲ. ಅವನ ಕೈ ನಿಂತಿತು. ನಿಂತ ಕೈ ಎರಡನೇ ಕ್ಯಾನನ್ನು ಎತ್ತಿತು. ಬಾಯಿಮಟ್ಟ ಆಗುವ ತನಕ ಸುರಿದು, ಬಿರಡೆ ಬಡಿದು, ಮೆಟ್ಟಿಲು ಹತ್ತಿ ಬಂದು ಕೈ ತೊಳೆದುಕೊಂಡ.

ಹೆಂಡತಿಗೆ ಮಾತ್ರ ಹೇಳಿದ. ಅದೂ ಅರ್ಧ.

"ಗುರುತು ಅಳಿಸಿಹೋಗಿತ್ತು ಅಂತ ಹೇಳಿಬಿಡ್ರೀ. ಅತ್ತಿಗೆ ಏನು ಹುಲಿನಾ? ಗೊತ್ತಿಲ್ದೆ ಆಗಿದ್ದಕ್ಕೆ ಇಷ್ಟು ಯಾಕೆ ಒದ್ದಾಡ್ತೀರಿ?"

ಗೊತ್ತಿಲ್ಲದೆ ಎಂಬ ಮಾತೇ ಅವನನ್ನು ಚುಚ್ಚಿತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ತಿಂಗಳು ದೂಡಿದ. ಪಕ್ಕದ ಬೀದಿಯಲ್ಲಿದ್ದ ಅತ್ತಿಗೆ ಮನೆಗೆ ಬರುವ ಹೊತ್ತಿಗೆ ಹಿಂಬಾಗಿಲಿನಿಂದ ಜಾರಿಕೊಳ್ಳುತ್ತಿದ್ದ. ಅವರೋ, "ಒಬ್ಬನೇ ದುಡಿದು ದುಡಿದು ಕಡ್ಡಿ ಆಗಿದಾನೆ" ಎಂದು ಅವನಿಗಾಗಿ ಸ್ವೆಟರು ಹೆಣೆದು ತಂದರು. ಅದನ್ನು ಹಾಕಿಕೊಂಡರೆ ಮೈಯೆಲ್ಲ ಉರಿ. ಬೈದಿದ್ದರೆ ಒಂದು ದಿನದ ನೋವು, ಪ್ರೀತಿ ದಿನವೂ ಸುಡುತ್ತಿತ್ತು. ನಾಚಿಕೆಗೆಟ್ಟವನಂತೆ ಒಂದು ಆಸೆಯನ್ನೂ ಇಟ್ಟುಕೊಂಡಿದ್ದ. ಕೆನೆ ಮತ್ತೆ ಕಟ್ಟಬಹುದು, ರುಚಿ ಹೇಗೋ ಉಳಿದಿರಬಹುದು. ಬಾಯಿಮಟ್ಟ ತುಂಬಿದ ಪೀಪಾಯಿಯಲ್ಲಿ ಕೆನೆ ಕಟ್ಟುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಸುಗ್ಗಿ ಮುಗಿಯಿತು. ಒಂದು ಮಧ್ಯಾಹ್ನ ಅತ್ತಿಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಸೆರಗಿನಲ್ಲಿ ಗಾಜಿನ ಲೋಟ ಒರೆಸುತ್ತ ಮೆಟ್ಟಿಲಿಳಿದು ಬಂದರು. ಅವನು ತಳದ ನಲ್ಲಿ ತಿರುಗಿಸಿ ಲೋಟ ತುಂಬಿಸಿ ಕೊಟ್ಟ. ಅತ್ತಿಗೆ ಮೂಸಿ ನೋಡಿದರು. ಒಂದು ಗುಟುಕು ಬಾಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ಇನ್ನೊಂದು ಗುಟುಕು. ಮುಖದಲ್ಲಿದ್ದ ಕಳೆ ಮೆಲ್ಲಗೆ ಇಳಿದುಹೋಯಿತು.

ಆಮೇಲೆ ಅವರೇ ಅವನನ್ನು ಸಮಾಧಾನ ಮಾಡುವಂತೆ ನಕ್ಕರು.

"ಚೆನ್ನಾಗೇ ಇರುತ್ತೆ ಬಿಡು. ನನಗೇ ಗೊತ್ತಾಗ್ತಿಲ್ಲ. ನಿಮ್ಮಣ್ಣ ಹೋದಾಗಿಂದ ಉಪ್ಪು ಖಾರಾನೂ ಸರಿಯಾಗಿ ತಿಳಿಯಲ್ಲ ಕಣೋ, ಯಾರ ಹತ್ರಾನೂ ಹೇಳಿರಲಿಲ್ಲ. ಇದನ್ನ ಕುಡಿದ್ರೆ ನಾಲಿಗೆ ವಾಪಸ್ ಬರುತ್ತೆ ಅಂದ್ಕೊಂಡಿದ್ದೆ. ಅವರ ಜೊತೆ ಅದೂ ಹೋಯ್ತು ಅಂತ ಕಾಣುತ್ತೆ."

ಸುಮ್ಮನಿದ್ದರೆ ಅವನು ಬಚಾವಾಗುತ್ತಿದ್ದ. ತಪ್ಪನ್ನು ಅವರೇ ತಮ್ಮ ನಾಲಿಗೆಯ ಮೇಲೆ ಹಾಕಿಕೊಂಡಿದ್ದರು. ಹಾಕಿಕೊಂಡು ಆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಅದನ್ನು ನೋಡುತ್ತ ನಿಲ್ಲುವುದು ಅವನಿಂದಾಗಲಿಲ್ಲ.

"ನಿಮ್ಮ ನಾಲಿಗೆ ನೆಟ್ಟಗಿದೆ ಅತ್ತಿಗೆ. ಅಣ್ಣನ ವೈನೇ ಹಾಳಾಗಿದೆ. ಆ ಪೀಪಾಯಿಗೆ ನಾನೇ ನನ್ನ ವೈನು ಸುರಿದು ತುಂಬಿಸಿಬಿಟ್ಟೆ."

ಅತ್ತಿಗೆ ಪೀಪಾಯಿಯ ಮೇಲೆ ಗುರುತಿದ್ದ ಜಾಗವನ್ನು ನೋಡಿದರು.

"ಗುರುತು ಕಾಣಲಿಲ್ವಾ? ಗೊತ್ತಿಲ್ದೆ ತಾನೇ?"

ಅವರೇ ಬಾಗಿಲು ತೆರೆದು ಕೊಟ್ಟಿದ್ದರು. ಹೌದು ಅಂದರೆ ಮುಗಿಯುತ್ತಿತ್ತು.

"ಮೊದಲನೇ ಕ್ಯಾನು ಗೊತ್ತಿಲ್ದೆ" ಅಂದ. "ಎರಡನೇದು ಗೊತ್ತಿದ್ದೇ ಸುರಿದೆ. ಅವನ ಮೇಲೆ ಸಿಟ್ಟಿತ್ತು."

ಅತ್ತಿಗೆಯ ಕಣ್ಣಿಂದ ನೀರು ಹರಿಯತೊಡಗಿತು. ಲೋಟ ಎತ್ತಿ ಮತ್ತೊಂದು ಗುಟುಕು ಕುಡಿದರು, ಈ ಸಲ ಕಣ್ಣು ಬಿಟ್ಟುಕೊಂಡು, ಪರೀಕ್ಷೆ ಮಾಡುವವರಂತೆ. ಉಳಿದದ್ದನ್ನು ಹೊಸ ಸಿಮೆಂಟಿನ ಮೇಲೆ ಚೆಲ್ಲಿ, ಕೈ ಚಾಚಿದರು.

"ಕೀಲಿ ಕೊಡು. ನೀನಿನ್ನು ಮನೆಗೆ ಹೋಗು."