ಹಸಿರು ದಾರ ಕಟ್ಟಿದ ಕನ್ನಡಿ ಮೇಜು

ಚಳಿ ಆಗತಾನೇ ಕಾಲಿಟ್ಟಿತ್ತು. ಬೆಳಗಿನ ಆರು ಗಂಟೆ ಇರಬೇಕು, ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಮುಖಕ್ಕೆ ನೀರು ಹಾಕಿಕೊಂಡು ನಡುಮನೆಗೆ ಬಂದರೆ ಗೋಡೆಯ ಮೇಲಿಂದ ಯಾರೋ ಗಂಡ ಹೆಂಡತಿ ನನ್ನನ್ನೇ ಗುರಾಯಿಸುತ್ತಿದ್ದರು. ಕಂದುಬಣ್ಣಕ್ಕೆ ತಿರುಗಿದ ಹಳೇ ಫೋಟೋ. ಗಂಡಸಿಗೆ ಮೀಸೆ, ಹೆಂಗಸಿಗೆ ಸಿಟ್ಟು. ನಮ್ಮ ಕಡೆಯವರೂ ಅಲ್ಲ, ಬೀಗರ ಕಡೆಯವರೂ ಅಲ್ಲ. ಹಿಂದಿನ ಭಾನುವಾರ ನಾನೇ ಮಾರಾಟಕ್ಕೆ ಇಟ್ಟಿದ್ದ ಫೋಟೋ ಅದು.

ಸೊಸೆ ಸ್ಟೂಲಿನ ಮೇಲೆ ನಿಂತು ಇನ್ನೊಂದು ಮೊಳೆ ಹೊಡೆಯುತ್ತಿದ್ದಳು. ಮದುವೆಯಾಗಿ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಇವರು ಯಾರು ಅಂತ ಕೇಳಿದೆ. ಗೊತ್ತಿಲ್ಲ ಅತ್ತೆ, ಗೋಡೆ ಬೋಳುಬೋಳಾಗಿತ್ತು, ಇವರಿದ್ದರೆ ಮನೆಗೆ ಹಿರಿಯರ ಕಳೆ ಬರುತ್ತೆ ಅಂದಳು.

"ಹಿರಿಯಳು ನಾನಿನ್ನೂ ಬದುಕಿದೀನಿ. ಅಷ್ಟು ಕಳೆ ಸಾಲದಾ ನಿನಗೆ?" ಅಂದೆ.

ಜಗಳ ಶುರುವಾದದ್ದು ಅಲ್ಲಿಂದ.

ನನ್ನದು ಭಾನುವಾರದ ಗುಜರಿ ಸಂತೆಯಲ್ಲಿ ಹಳೇ ಸಾಮಾನಿನ ವ್ಯಾಪಾರ. ಸಾಲಿನ ನಟ್ಟನಡುವೆ, ನಲ್ಲಿಯ ಎದುರು, ಮಧ್ಯಾಹ್ನ ಕಳೆದರೂ ನೆರಳಿರುವ ಜಾಗ. ನಮ್ಮತ್ತೆ ಅಲ್ಲಿ ಗೋಣಿ ಹಾಸಿ ಕೂರುತ್ತಿದ್ದರು, ಅವರಾದ ಮೇಲೆ ನಾನು. ಓದು ಬರಹ ನನಗೆ ಅಷ್ಟಕ್ಕಷ್ಟೆ. ಆದರೆ ಆ ಜಾಗದಲ್ಲಿ ಕೂತರೆ ನನ್ನ ಮಾತಿಗೆ ಒಂದು ತೂಕ ಇತ್ತು.

ನಮ್ಮ ಮನೆಯಲ್ಲಿ ಮಾತ್ರ ಹಳೇದು ಅನ್ನುವ ಒಂದು ಚಮಚವೂ ಇರಲಿಲ್ಲ. ಸ್ಟೀಲು ಪಾತ್ರೆ, ಪ್ಲಾಸ್ಟಿಕ್ ಕುರ್ಚಿ, ಫ್ಯಾಕ್ಟರಿಯಿಂದ ನೇರವಾಗಿ ಬಂದ ಕಬ್ಬಿಣದ ಬೀರು. ಮಾರುವ ಸಾಮಾನು ಹೊಸಿಲು ದಾಟಬಾರದು ಅನ್ನುವುದು ನಮ್ಮತ್ತೆಯ ಕಟ್ಟಳೆ, ನನ್ನದೂ ಅದೇ. ಒಂದು ವಾರ ಮನೆಯಲ್ಲಿ ಬಳಸಿದ ಸಾಮಾನಿಗೆ ಬಾಯಿ ಬೆಲೆ ಹೇಳುವುದಿಲ್ಲ. ಕೈ ಅಂಟಿಕೊಂಡುಬಿಡುತ್ತೆ. ಆಮೇಲೆ ವ್ಯಾಪಾರ ಮಾಡುವುದು ಯಾರು?

ಈ ಸೊಸೆ ನನಗೆ ಮೊದಲು ಗಿರಾಕಿ. ಕೈಚೀಲ ತುಂಬ ತುಕ್ಕು ಹಿಡಿದ ಕೀಲಿಕೈ, ಹಿಡಿ ಮುರಿದ ಕಪ್ಪು, ಮುಳ್ಳಿಲ್ಲದ ಗಡಿಯಾರ ತುಂಬಿಕೊಂಡು ಹೋಗುವಳು. ಚೌಕಾಸಿ ಅನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ. ಅಂಥವರನ್ನು ಕಂಡರೆ ನನಗೆ ಅಯ್ಯೋ ಪಾಪ ಅನ್ನಿಸುತ್ತೆ. ನನ್ನ ಮಗನಿಗೆ ಬೇರೇನೋ ಅನ್ನಿಸಿತು.

ಮನೆಗೆ ಬಂದವಳು ಸುಮ್ಮನೆ ಕೂರಲಿಲ್ಲ. ಪೇಂಟಿನವರು ಎಸೆದ ಏಣಿಗೆ ಹಲಗೆ ಬಡಿದು ಪುಸ್ತಕ ಜೋಡಿಸಿದಳು. ತಗಡಿನ ಟ್ರಂಕು ಟೀಪಾಯಿ ಆಯಿತು. ತೂತುಬಿದ್ದ ಜರಡಿಗೆ ಬಲ್ಬು ಸಿಕ್ಕಿಸಿ ನನ್ನ ತಲೆಯ ಮೇಲೆಯೇ ನೇತುಹಾಕಿದಳು. ರಾತ್ರಿ ಊಟಕ್ಕೆ ಕೂತರೆ ತಟ್ಟೆಯ ತುಂಬ ಚುಕ್ಕೆ ಚುಕ್ಕೆ ಬೆಳಕು, ಅನ್ನದಲ್ಲಿ ಕಲ್ಲಿದೆಯೋ ನೆರಳಿದೆಯೋ ತಿಳಿಯದು. ಇದಕ್ಕೆಲ್ಲ ಒಂದೊಂದು ಕಥೆ ಇರುತ್ತೆ ಅತ್ತೆ ಅನ್ನುವಳು. ಆ ಕಥೆ ಕಟ್ಟಿ ಹೇಳಿ ಮಾರಿದವಳು ನಾನೇ ಕಣಮ್ಮ, ಅರ್ಧಕ್ಕರ್ಧ ಸುಳ್ಳು ಅಂದೆ. ಉಳಿದ ಅರ್ಧ ಸಾಕು ನನಗೆ ಅಂದಳು. ಬಾಯಿಗೇನೂ ಕಡಿಮೆ ಇರಲಿಲ್ಲ.

ಉಡುಗೊರೆಯ ಹುಚ್ಚೂ ಇತ್ತು. ಯಾರು ಏನು ಅಂದರೂ ಕಿವಿಯಲ್ಲಿ ಇಟ್ಟುಕೊಂಡು, ಹುಡುಕಿ ತಂದು ಕೊಡುವಳು. ಚಿಕ್ಕವನಿದ್ದಾಗ ಕೀಲಿ ಕೊಡುವ ಕಾರು ಬೇಕು ಅಂತ ಅತ್ತಿದ್ದೆ ಅಂತ ಗಂಡ ಹೇಳಿದ್ದನಂತೆ. ಬಣ್ಣ ಹೋದ ಕಾರು ಅವನ ದಿಂಬಿನ ಕೆಳಗೆ ಬಂತು. ನಾನು ದಿನಾ ಕನ್ನಡಕ ಹುಡುಕುತ್ತೇನೆ ಅಂತ ನನಗೆ ಚರ್ಮದ ಕನ್ನಡಕದ ಪೆಟ್ಟಿಗೆ, ಒಳಗೆ ಮಖಮಲ್ಲಿನ ಹಾಸು. ಒಳ್ಳೇ ಮಾಲು. ಮುಂದಿನ ಭಾನುವಾರ ಅಂಗಡಿಯಲ್ಲಿಟ್ಟೆ, ಹೊತ್ತೇರುವ ಮುಂಚೆ ಹೋಯಿತು. ಕೊಂಡವನು ಅದನ್ನು ಜೇಬಿಗೆ ಹಾಕಿಕೊಂಡು ಹೋಗುವುದನ್ನು ಅವಳು ನಲ್ಲಿಯ ಹತ್ತಿರ ನಿಂತು ನೋಡಿದಳು. ಅವತ್ತಿಂದ ನನಗೆ ಕಾಫಿ ತಂದು ಕೈಗೆ ಕೊಡುವುದನ್ನು ಬಿಟ್ಟು ಟ್ರಂಕಿನ ಮೇಲೆ ಕುಕ್ಕಿ ಹೋಗುತ್ತಿದ್ದಳು.

ಈಗ ದಾರದ ವಿಷಯ ಹೇಳಬೇಕು.

ನಮ್ಮ ಸಂತೆಯಲ್ಲಿ ಎಲ್ಲವೂ ಮಾರಾಟಕ್ಕಲ್ಲ. ಮನೆ ಕಳೆದುಕೊಂಡವರು, ಸಣ್ಣ ಕೋಣೆಗೆ ಬಾಡಿಗೆ ಹೋದವರು, ಮಾರಲು ಮನಸ್ಸಿಲ್ಲದ ಸಾಮಾನನ್ನು ನಂಬಿಕೆಯವರ ಹತ್ತಿರ ಬಿಟ್ಟು ಹೋಗುತ್ತಾರೆ. ಅದರ ಕಾಲಿಗೆ ನಾವು ಹಸಿರು ದಾರ ಕಟ್ಟುತ್ತೇವೆ. ದಾರ ಇದ್ದರೆ ಅದು ನಮ್ಮದಲ್ಲ. ಯಾವಾಗ ಬಂದು ಕೇಳಿದರೂ ಹಾಗೇ ಎತ್ತಿ ಕೊಡಬೇಕು. ಅದಕ್ಕೆ ಬೋರ್ಡು ಇಲ್ಲ, ರಸೀದಿ ಇಲ್ಲ, ಗಿರಾಕಿಗಳಿಗೆ ಗೊತ್ತೂ ಇಲ್ಲ. ದಾರದ ಸಾಮಾನನ್ನು ಮಾರಿಯೋ ಕಳೆದೋ ಕೈಬಿಟ್ಟ ಅಂಗಡಿಯವರು ಸಾಲಿನಲ್ಲಿ ಜಾಗ ಬಿಡಬೇಕು. ಗೇಟಿನ ಪಕ್ಕ, ಮೋರಿ ಹತ್ತಿರ ಕೂರಬೇಕು. ಹಾಗೆ ಕೂತವರನ್ನು ನಾನು ಕಂಡಿದ್ದೇನೆ. ಒಳ್ಳೇ ಮಾಲು ಅವರ ಹತ್ತಿರಕ್ಕೆ ಮತ್ತೆ ಸುಳಿಯುವುದಿಲ್ಲ.

ನನ್ನ ಹತ್ತಿರ ಅಂಥದ್ದು ಒಂದಿತ್ತು. ಆಸ್ಪತ್ರೆಯ ನರ್ಸಮ್ಮ ತನ್ನ ತಾಯಿಯ ಕನ್ನಡಿ ಮೇಜು ಬಿಟ್ಟಿದ್ದಳು. ಕರೀ ಮರ, ಎರಡು ಕಡೆ ಡ್ರಾಯರು, ಉದ್ದ ಕನ್ನಡಿ. ಅದನ್ನು ಸಂತೆಯ ಗೋದಾಮಿನಲ್ಲಿ ಗೋಣಿ ಹೊದಿಸಿ ಹಿಂದಕ್ಕೆ ತಳ್ಳಿದ್ದೆ.

ಚಳಿ ಜೋರಾದಾಗ ನನಗೆ ಮಂಡಿ ಊದಿಕೊಂಡು ಮಲಗಿದಲ್ಲೇ ಆದೆ. ಅಂಗಡಿಯನ್ನು ಮಗ ಸೊಸೆ ನೋಡಿಕೊಂಡರು. ಅದೇ ಹೊತ್ತಿಗೆ ನನ್ನ ಮಗಳು ಹೊಸ ಮನೆಗೆ ಹೋದಳು. ಮಗಳು ಬೇಕರಿಯ ಕೌಂಟರಿನಲ್ಲಿ ಕೂರುವವಳು, ನಾಲಿಗೆ ಹರಿತ. ನಾನು ಮಗನ ಕೈಯಲ್ಲಿ ನಾಲ್ಕು ಹೊಸ ಪ್ಲಾಸ್ಟಿಕ್ ಕುರ್ಚಿ, ಒಂದು ಸೆಟ್ ಸ್ಟೀಲು ಪಾತ್ರೆ ಕಳಿಸಿದೆ. ಸೊಸೆ ಬೇರೇನೋ ಕೊಟ್ಟಳು ಅಂತ ಗೊತ್ತಾಯಿತು, ಏನು ಅಂತ ಕೇಳಲಿಲ್ಲ. ಅವಳ ಉಡುಗೊರೆಯ ಗೋಜು ನನಗೆ ಬೇಡವಾಗಿತ್ತು.

ಮಂಡಿಯ ಊತ ಇಳಿದು ಮೊದಲ ಭಾನುವಾರ ಅಂಗಡಿಗೆ ಬಂದೆ. ನೆರಳು ನಲ್ಲಿಯವರೆಗೆ ಬಂದ ಹೊತ್ತಿಗೆ ನರ್ಸಮ್ಮ ಬಂದಳು, ಹಿಂದೆ ಒಂದು ತಳ್ಳುಗಾಡಿ. ನಗುನಗುತ್ತಾ, ಅಜ್ಜಿ, ಕೊನೆಗೂ ಎರಡು ಕೋಣೆಯ ಮನೆ ಸಿಕ್ಕಿತು, ಅಮ್ಮನ ಮೇಜು ಕೊಡಿ ಅಂದಳು. ನಾನು ಗೋದಾಮಿಗೆ ಹೋಗಿ ಗೋಣಿ ಎತ್ತಿದೆ. ಕೆಳಗೆ ಎರಡು ಮುರುಕು ಕುರ್ಚಿ ಇತ್ತು.

ಸೊಸೆ ಮಗಳಿಗೆ ಕೊಟ್ಟದ್ದು ಏನು ಅಂತ ಆ ಕ್ಷಣಕ್ಕೇ ಹೊಳೆಯಿತು. ಹೊರಗೆ ಬಂದು, ಮೇಜಿನ ಕಾಲು ಅಲುಗಾಡುತ್ತಿತ್ತು, ಬಡಗಿಯ ಹತ್ತಿರ ಬಿಟ್ಟಿದ್ದೇನೆ, ಮುಂದಿನ ಭಾನುವಾರ ಬಾ ಅಂದೆ. ಪಕ್ಕದಲ್ಲಿ ಬೀಗ ರಿಪೇರಿಯವನು ಕೂತಿದ್ದ. ಸಾಲಿಗೆಲ್ಲ ಹಿರಿಯ, ಎಲ್ಲರೂ ಬೀಗದಣ್ಣ ಅನ್ನುತ್ತೇವೆ. ಅವನು ತಲೆ ಎತ್ತಿ ನನ್ನ ಮುಖ ನೋಡಿ ಮತ್ತೆ ಬೀಗಕ್ಕೆ ಕೈ ಹಾಕಿದ.

ಅಂಗಡಿ ಮಗನಿಗೆ ಬಿಟ್ಟು ಸೀದಾ ಮಗಳ ಮನೆಗೆ ಹೋದೆ. ಮಲಗುವ ಕೋಣೆಯಲ್ಲಿ ಕಿಟಕಿಯ ಪಕ್ಕ ಮೇಜು ನಿಂತಿತ್ತು. ಕರೀ ಮರ ಎಲ್ಲಿ? ಸೊಸೆ ಉಜ್ಜುವ ಕಾಗದ ಹಾಕಿ ಉಜ್ಜಿ, ತಿಳಿನೀಲಿ ಬಣ್ಣ ಬಳಿದು, ಡ್ರಾಯರಿಗೆ ಪಿಂಗಾಣಿಯ ಹಿಡಿ ಕೂರಿಸಿದ್ದಳು. ನನ್ನ ಕುರ್ಚಿಗಳು ಬಾಲ್ಕನಿಯಲ್ಲಿ ಒಂದರ ಮೇಲೊಂದು ಪೇರಿಸಿದ್ದವು, ಮೇಲೆ ಒದ್ದೆ ಬಟ್ಟೆ.

ದಾರದ ಸಾಮಾನು, ವಾಪಸು ಕೊಡು ಅಂದೆ. ಮಗಳು ಬಾಗಿಲಿಗೆ ಅಡ್ಡ ನಿಂತಳು.

"ಚಿಕ್ಕವಳಿದ್ದಾಗ ನಾನು ತಲೆ ಬಾಚಿಕೊಂಡಿದ್ದೆಲ್ಲ ನಿನ್ನ ಅಂಗಡಿ ಕನ್ನಡಿಗಳಲ್ಲಿ ಅಮ್ಮ. ಈ ಭಾನುವಾರ ಇದ್ದಿದ್ದು ಮುಂದಿನ ಭಾನುವಾರಕ್ಕೆ ಇರ್ತಿರಲಿಲ್ಲ. ಇದನ್ನ ನಾನು ನಿನ್ನ ಸೊಸೆ ಹತ್ರ ಒಂದು ಸಲ ಅಂದಿದ್ದು. ಅವಳು ನೆನಪಿಟ್ಕೊಂಡು ತಂದಳು. ನೀನು ಬಕೆಟ್ಟಿನ ಬಣ್ಣದ ಕುರ್ಚಿ ಕಳಿಸಿದೆ."

ಕುರ್ಚಿ ಗಟ್ಟಿಯಾಗಿವೆ ಅಂದೆ.

"ಹೌದು, ನಿನ್ನ ಹಾಗೇ" ಅಂದಳು. "ನಿನ್ನ ಮಾತು ಉಳಿಯೋದಕ್ಕೆ ನನ್ನ ಮನೆ ಖಾಲಿ ಆಗಬೇಕಾ? ಕೊಡಲ್ಲ."

ಕಾಲು ಎಳೆದುಕೊಂಡು ಮನೆಗೆ ಬಂದಾಗ ಮಗ ಸೊಸೆ ಇಬ್ಬರೂ ಇದ್ದರು. ಸೊಸೆಯನ್ನು ಎದುರಿಗೆ ನಿಲ್ಲಿಸಿ ಬಾಯಿಗೆ ಬಂದದ್ದೆಲ್ಲ ಅಂದೆ. ಕಂಡವರ ಸೊತ್ತನ್ನು ದಾನ ಮಾಡುವ ಧಾರಾಳಿ ಅಂದೆ, ಕಣ್ಣು ಅಲಂಕಾರಕ್ಕೆ ಇಟ್ಟುಕೊಂಡಿದ್ದೀಯ ಅಂದೆ, ಇನ್ನೂ ಏನೇನೋ. ಕೊಟ್ಟವಳು ನೀನು, ಹೋಗಿ ತರುವವಳೂ ನೀನೇ ಅಂದೆ. ಅವಳು ಅಳಲಿಲ್ಲ.

"ಕಾಲಲ್ಲಿ ಒಂದು ಕೊಳೆ ದಾರ ಇತ್ತು ಅತ್ತೆ. ಅದಕ್ಕೊಂದು ಅರ್ಥ ಇದೆ ಅಂತ ಈ ಮನೇಲಿ ನನಗೆ ಯಾರು ಹೇಳಿದ್ರು? ಅಂಗಡಿ ವಿಷಯ ಕೇಳಿದಾಗೆಲ್ಲ ನೀವು, ನಿನಗ್ಯಾಕೆ, ಹೋಗಿ ಬಲ್ಬು ಸಿಕ್ಕಿಸು ಅಂದ್ರಿ."

ಅದು ನಿಜ. ನಾನು ಹೇಳಿರಲಿಲ್ಲ. ಆದರೆ ಹೇಳಬೇಕಾದವನು ಇನ್ನೊಬ್ಬ ಅವಳ ಪಕ್ಕದಲ್ಲೇ ಕೂತಿದ್ದ. ಹಾಲು ಕುಡಿಯುವ ವಯಸ್ಸಿನಿಂದ ಆ ಗೋಣಿಯ ಮೇಲೆ ಬೆಳೆದವನು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು ಅಂತ ಕಾಣುತ್ತೆ, ಇಬ್ಬರೂ ಅವನ ಕಡೆ ತಿರುಗಿದೆವು.

"ನಿಮಗೆ ಗೊತ್ತಿತ್ತಾ?" ಅಂತ ಸೊಸೆ ಕೇಳಿದಳು.

ಅವನು ಟ್ರಂಕಿನ ಮೇಲಿದ್ದ ಲೋಟವನ್ನು ಆ ಕಡೆಯಿಂದ ಈ ಕಡೆ ಸರಿಸಿದ. "ಕತ್ತರಿ ಕೊಟ್ಟಿದ್ದು ನಾನೇ" ಅಂದ. ಆಮೇಲೆ, ನರ್ಸಮ್ಮ ಬರುವುದಿಲ್ಲ ಅಂದುಕೊಂಡೆ, ಇವಳು ಅಷ್ಟು ಖುಷಿಯಾಗಿದ್ದಳು, ಬೇಡ ಅನ್ನಲು ಬಾಯಿ ಬರಲಿಲ್ಲ ಅಂದ. ಇಷ್ಟು ಹೊತ್ತು ನಾನು ಇವಳನ್ನು ಬೈಯುವಾಗ ಬಾಯಿ ಎಲ್ಲಿತ್ತು ಅಂತ ನಾನು ಕೇಳಲಿಲ್ಲ. ಸೊಸೆ ಕೇಳಿದಳು.

ಆ ಶನಿವಾರ ಸಂಜೆ ಸೊಸೆ ಒಬ್ಬಳೇ ಮಗಳ ಮನೆಗೆ ಹೋದಳು. ಅಲ್ಲಿ ಏನು ಮಾತಾಯಿತೋ ಇಬ್ಬರೂ ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ. ಭಾನುವಾರ ಬೆಳಿಗ್ಗೆ ಅವಳು ಆಟೋ ಗಾಡಿಯಲ್ಲಿ ಮೇಜು ಹೇರಿಕೊಂಡು ಸಂತೆಗೆ ಬಂದಳು. ಡ್ರಾಯರಿನಲ್ಲಿ ನನ್ನ ಮಗಳ ಬಾಚಣಿಗೆ ಇನ್ನೂ ಇತ್ತು. ಹೋಗಿ ಅತ್ತಿಗೆಯ ಕಾಲಿಗೆ ಬಿದ್ದೆಯಾ ಅಂತ ಕೇಳಿದೆ. ಬಿದ್ದರೆ ಕೊಡುವವರಲ್ಲ ಅವರು, ನಿಮ್ಮ ಮಗಳು ಅಂದಳು. ದಾರದ ಉಂಡೆಯಿಂದ ಒಂದು ಎಳೆ ಹರಿದು ಮೇಜಿನ ಕಾಲಿಗೆ ಕಟ್ಟಲು ಬಗ್ಗಿದೆ. ಈಗ ಕಟ್ಟಿದರೆ ಅದು ಸುಳ್ಳು ಅಂದಳು. ಅವಳ ಮಾತು ಕೇಳಿಸದವಳ ಹಾಗೆ ಗಂಟು ಹಾಕಿದೆ.

ನರ್ಸಮ್ಮ ಬಂದು ಮೇಜಿನ ಮುಂದೆ ನಿಂತಳು. ಇದಲ್ಲ ಅಜ್ಜಿ, ನನ್ನದು ಕರೀದು ಅಂದಳು. ಬಡಗಿ ಬಣ್ಣ ಹಾಕಿಬಿಟ್ಟ ಕಣಮ್ಮ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಸೊಸೆ ಮುಂದೆ ಬಂದಳು.

"ಬಡಗಿ ಯಾರೂ ಇಲ್ಲ. ದಾರ ಕತ್ತರಿಸಿದ್ದು ನಾನು, ಬಣ್ಣ ಬಳಿದಿದ್ದು ನಾನು. ನಿಮ್ಮದು ಅಂತ ಗೊತ್ತಿರಲಿಲ್ಲ. ಗೊತ್ತಿದ್ದವರು ಕತ್ತರಿ ಕೊಟ್ಟರು. ಕಾಲು ಅಲುಗಾಡ್ತಿತ್ತು ಅಂತ ಅತ್ತೆ ಹೇಳಿದ್ದು ಸುಳ್ಳು."

ದನಿ ಏರಿಸಲಿಲ್ಲ. ಆದರೂ ಸಾಲಿನ ಆ ತುದಿಯವರೆಗೆ ಕೇಳಿಸಿತು. ಹಳೇ ಪಾತ್ರೆ ಮಾರುವವಳು ತಿಕ್ಕುವುದನ್ನು ನಿಲ್ಲಿಸಿದಳು. ನನ್ನ ಮಗ ಗಿರಾಕಿಗೆ ಕೊಡಬೇಕಿದ್ದ ಲಾಟೀನು ಹಿಡಿದುಕೊಂಡು ಹಾಗೇ ನಿಂತ.

ನರ್ಸಮ್ಮ ಎಡಗಡೆಯ ಡ್ರಾಯರು ಎಳೆದು ಮೂಗನ್ನು ಹತ್ತಿರ ತಂದಳು. ಅಲ್ಲಿ ಅಮ್ಮನ ಪೌಡರಿನ ವಾಸನೆ ಇರುತ್ತಿತ್ತು, ಈಗ ಪೇಂಟಿನ ವಾಸನೆ ಅಂದಳು. ಡ್ರಾಯರು ಮುಚ್ಚಿದಳು. ನಾನು ಬಣ್ಣ ತೆಗೆಸಿಕೊಡುತ್ತೇನೆ ಅಂದೆ.

"ಬೇಡ ಅಜ್ಜಿ. ನಾನು ಬಿಟ್ಟುಹೋದದ್ದು ಇದಲ್ಲ."

ಖಾಲಿ ತಳ್ಳುಗಾಡಿ ತಿರುಗಿಸಿಕೊಂಡು ಹೊರಟಳು. ಬೀಗದಣ್ಣ ಅರವನ್ನು ಕೆಳಗಿಟ್ಟು, ದಾರದ ಸಾಮಾನು ಕೈಬಿಟ್ಟಿದ್ದನ್ನು ಹೇಗಾದರೂ ಸರಿಮಾಡೋಣ ಅಂತಿದ್ದೆ ಕಣಮ್ಮ, ಮಾಲೀಕಳ ಮುಖಕ್ಕೇ ಸುಳ್ಳು ಹೇಳಿದ್ದನ್ನು ಹೇಗೆ ಸರಿಮಾಡಲಿ ಅಂದ. ಮಧ್ಯಾಹ್ನದೊಳಗೆ ಗೋಣಿ ಸುತ್ತಿಕೊ ಅಂದ. ಬೇರೆ ಯಾರೂ ನನ್ನ ಪರ ಒಂದು ಮಾತು ಆಡಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಆಡುತ್ತಿರಲಿಲ್ಲ.

ಗೇಟಿನ ಪಕ್ಕಕ್ಕೆ ಸಾಮಾನು ಸಾಗಿಸಿದವರು ನಾನು ಮತ್ತು ಸೊಸೆ. ಮಗ ಲಾಟೀನು ಕೆಳಗಿಟ್ಟು ಎಲ್ಲಿಗೋ ಹೋಗಿದ್ದ. ಮೇಜನ್ನು ಮಗಳು ವಾಪಸು ಬೇಡ ಅಂದುಬಿಟ್ಟಿದ್ದಳಂತೆ. ನಾನೇ ದಾರ ಬಿಚ್ಚಿ ಅದನ್ನು ಮೋರಿಯ ಕಡೆಗೆ ಮುಖ ಮಾಡಿ ನಿಲ್ಲಿಸಿದೆ. ಸಂಜೆಯೊಳಗೆ ಒಬ್ಬಳು ಹುಡುಗಿ, ಅಯ್ಯೋ ಎಷ್ಟು ಚೆನ್ನಾಗಿದೆ ಈ ನೀಲಿ ಅಂತ ಕೊಂಡುಹೋದಳು. ಸೊಸೆ ಮುಖ ಆ ಕಡೆ ತಿರುಗಿಸಿದಳು.

ಇನ್ನು ಇವಳು ಗಂಟುಮೂಟೆ ಕಟ್ಟುತ್ತಾಳೆ ಅಂದುಕೊಂಡೆ. ಕಟ್ಟಲಿಲ್ಲ. ಸೋಮವಾರ ನಾನೇ ಕೇಳಿದೆ, ತವರಿಗೆ ಯಾವಾಗ ಹೋಗುತ್ತೀಯ ಅಂತ.

"ನಾನ್ಯಾಕೆ ಹೋಗ್ಲಿ? ಸುಳ್ಳು ಹೇಳಿದ್ದು ನಾನಲ್ಲ. ಅಂಗಡಿ ಹಾಳಾಗಿದೆ, ಕೂತು ಎಬ್ಬಿಸ್ತೀನಿ. ನಿಮ್ಮ ಹತ್ರ ಮಾತಾಡಬೇಕು ಅಂತೇನೂ ಇಲ್ಲವಲ್ಲ."

ಇಲ್ಲ ಅಂದೆ.

ಮಗನ ಹತ್ತಿರ ನಾವಿಬ್ಬರೂ ಮಾತಾಡಲಿಲ್ಲ. ಅವನ ತಟ್ಟೆ ಇಡುತ್ತಿದ್ದೆವು, ಅವನ ಬಟ್ಟೆ ಮಡಿಸುತ್ತಿದ್ದೆವು, ಮಾತು ಮಾತ್ರ ಇಲ್ಲ. ಮಂಗಳವಾರ ಅವನು ನನ್ನ ಕೋಣೆಗೆ ಬಂದು, ಅವಳಿಗೆ ಸ್ವಲ್ಪ ಹೇಳಮ್ಮ ಅಂದ. ಗೋಡೆಯ ಕಡೆ ಹೊರಳಿದೆ. ಬುಧವಾರ ಅವಳ ಹತ್ತಿರ ಹೋಗಿ, ಅಮ್ಮನಿಗೆ ಸ್ವಲ್ಪ ಹೇಳು ಅಂದದ್ದು ಅಡುಗೆಮನೆಯಿಂದ ಕೇಳಿಸಿತು. ಅವಳು ನಲ್ಲಿಯನ್ನು ಇನ್ನೂ ಜೋರಾಗಿ ತಿರುಗಿಸಿದಳು. ಮಾರನೇ ದಿನ ಅವನು ಚೀಲ ತುಂಬಿಕೊಂಡು ಅಕ್ಕನ ಮನೆಯಲ್ಲಿರುತ್ತೇನೆ ಅಂತ ಹೇಳಿ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತ. ಯಾರೂ ನಿಲ್ಲು ಅನ್ನಲಿಲ್ಲ. ಹೀಗೆ ಮನೆ ಬಿಟ್ಟು ಹೋದವನು ನನ್ನ ಮಗ, ಗುರುವಾರ.