ಐದು ಸ್ಟಾರಿಗೆ ಹೋದ ಮಂಡಿ

ಕಮಲಾಕ್ಷಮ್ಮನಿಗೆ ಸಾಕುಸಾಕಾಗಿ ಹೋಗಿತ್ತು. ಹೆಡ್‌ಮಾಸ್ಟರಾಗಿ ನಿವೃತ್ತರಾದ ಗಂಡ ರೇವಣಸಿದ್ದಯ್ಯನವರಿಗೆ ಅಂಕವೆಂದರೆ ಹುಚ್ಚು. ಹಲ್ಲಿನ ಡಾಕ್ಟರಿರಲಿ, ಇಡ್ಲಿ ಹೋಟೆಲಿರಲಿ, ಫೋನಿನಲ್ಲಿ ಎಷ್ಟು ಸ್ಟಾರ್ ಇದೆಯೆಂದು ನೋಡದೆ ಆಸಾಮಿ ಹೊಸ್ತಿಲು ದಾಟುವವರಲ್ಲ. ಏನಾದರೂ ಮಾಡಿಕೊಳ್ಳಲಿ ಅನ್ನಬಹುದಿತ್ತು. ಆದರೆ ಈ ಸಲ ಅವರು ಕೈ ಹಾಕಿದ್ದು ಆಕೆಯ ಮಂಡಿ ಆಪರೇಷನ್ನಿನ ದುಡ್ಡಿಗೆ.

ಎರಡೂ ಮಂಡಿ ಸವೆದು, ಬಸವೇಶ್ವರನಗರದ ಮನೆಯ ಮೆಟ್ಟಿಲನ್ನು ಕಂಬಿ ಹಿಡಿದು ಇಳಿಯುವ ಸ್ಥಿತಿ. ತಾಲ್ಲೂಕು ಕಚೇರಿಯಿಂದ ನಿವೃತ್ತಳಾದಾಗ ಬಂದ ಹಣದಲ್ಲಿ ಆರು ಲಕ್ಷವನ್ನು ಅದಕ್ಕೆಂದೇ ಲಿಕ್ವಿಡ್ ಫಂಡಿನಲ್ಲಿ ಇಟ್ಟಿದ್ದಳು. ಹೆಚ್ಚು ಬೆಳೆಯದು, ಆದರೆ ಬೇಕೆಂದಾಗ ಸಿಗುತ್ತದೆ. ಗಣೇಶನ ಹಬ್ಬ ಮುಗಿದ ವಾರ ಯಜಮಾನರು ಆಕೆಯ ಫೋನಿಗೆ ಬಂದ ಓಟಿಪಿ ಕೇಳಿದರು. ರೊಟ್ಟಿ ತಟ್ಟುತ್ತಿದ್ದವಳು ಏತಕ್ಕೆಂದೂ ಕೇಳದೆ ಓದಿ ಹೇಳಿಬಿಟ್ಟಳು. ಅಯ್ಯೋ, ಅವತ್ತು ಆ ಬಾಯಿಗೆ ಏನಾಗಿತ್ತೋ!

ಆರು ತಿಂಗಳಾದ ಮೇಲೆ ಆಪರೇಷನ್ನಿಗೆ ದಿನ ಗೊತ್ತಾಗಿ ದುಡ್ಡು ಕೇಳಿದಾಗಲೇ ಸಂಗತಿ ಹೊರಬಿದ್ದದ್ದು. ಆಕೆಯ ಫಂಡಿಗೆ ಮೂರೇ ಸ್ಟಾರ್ ಇತ್ತಂತೆ. ಅದಕ್ಕೇ ಎಲ್ಲವನ್ನೂ ತೆಗೆದು, ಸಣ್ಣ ಕಂಪನಿಗಳ ಷೇರಿನ ಐದು ಸ್ಟಾರ್ ಫಂಡಿಗೆ ಹಾಕಿದ್ದರಂತೆ. ಮಾರುಕಟ್ಟೆ ಕುಸಿದು ಈಗ ಉಳಿದದ್ದು ನಾಲ್ಕೂವರೆ ಲಕ್ಷ. ಕಮಲಾಕ್ಷಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

ಗಂಡನನ್ನು ಎಳೆದುಕೊಂಡು ವಿಜಯನಗರಕ್ಕೆ ಹೋದರೆ, ಅಲ್ಲಿನ ಫಂಡ್ ಆಫೀಸಿನ ಸ್ಮೃತಿ ಎಂಬ ಹುಡುಗಿ ಪಾಪ ತಾಳ್ಮೆಯಿಂದ ಬಿಡಿಸಿ ಹೇಳಿದಳು. ಸ್ಟಾರ್ ಕೊಡುವುದು ಒಂದೇ ಜಾತಿಯ ಫಂಡುಗಳನ್ನು ತಮ್ಮತಮ್ಮಲ್ಲೇ ಹೋಲಿಸಿ, ಅದೂ ಹಿಂದೆ ನಡೆದದ್ದನ್ನು ನೋಡಿ. ಮುಂದೆ ಏನಾಗುತ್ತದೆಂದು ಅದು ಹೇಳುವುದಿಲ್ಲ, ಈ ದುಡ್ಡು ಯಾವಾಗ ಬೇಕೆಂಬುದಂತೂ ಅದಕ್ಕೆ ಗೊತ್ತೇ ಇಲ್ಲ. ಯಜಮಾನರು ಒಪ್ಪಬೇಕಲ್ಲ! ಮೂರಕ್ಕಿಂತ ಐದು ದೊಡ್ಡದಲ್ಲವೇ ಎಂದು ವಾದಕ್ಕೇ ಕೂತರು.

ಕಮಲಾಕ್ಷಮ್ಮ ತಡೆಯಲಾರದೆ ಕೇಳಿದಳು, “ಒಂದನೇ ಕ್ಲಾಸಲ್ಲಿ ಫಸ್ಟ್ ಬಂದ ಅಂತ ಹುಡುಗನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸ್ತಿದ್ರೇನ್ರೀ ನೀವು?”

ಅವರು ವಾದ ಬಿಟ್ಟು ಎದ್ದರು. ಬುದ್ಧಿ ಬಂತೆಂದುಕೊಂಡರೆ, ಆಟೋದಲ್ಲಿ ಮತ್ತೆ ಫೋನು ತೆಗೆದರು.

“ಈ ಫಂಡನ್ನೀಗ ಮೂರು ಸ್ಟಾರಿಗೆ ಇಳಿಸಿದಾರೆ ಕಣೇ. ಆಪರೇಷನ್ ಒಂದು ವರ್ಷ ಮುಂದಕ್ಕೆ ಹಾಕಿದ್ರೆ, ಇನ್ನೊಂದು ಐದು ಸ್ಟಾರ್ ಇದೆ...”

ಆಕೆ ತಲೆ ತಲೆ ಚಚ್ಚಿಕೊಂಡಳು. ಮರುದಿನವೇ ಉಳಿದದ್ದನ್ನೆಲ್ಲ ತೆಗೆಸಿ ತನ್ನ ಬ್ಯಾಂಕ್ ಖಾತೆಗೆ ಹಾಕಿಸಿಕೊಂಡಳು. ದುಡ್ಡು ಬಂದ ಮೇಲೆ ರಾಜಾಜಿನಗರದ ಆಸ್ಪತ್ರೆಗೆ ಹೋಗಿ, ಎರಡು ಬೇಡ, ಸದ್ಯಕ್ಕೆ ಎಡಗಾಲು ಒಂದನ್ನೇ ಮಾಡಿ ಎಂದು ಬರೆಸಿದಳು. ಕೌಂಟರಿನ ನರ್ಸ್ ಫಾರಂ ತುಂಬುತ್ತಾ, ಬಲಗಾಲಿಗೆ ಯಾವಾಗಮ್ಮ ಬರ್ತೀರ ಎಂದಳು.

ಕಮಲಾಕ್ಷಮ್ಮ ಪಕ್ಕದಲ್ಲಿ ಕೂತಿದ್ದ ಗಂಡನ ಕಡೆ ತಿರುಗಿದಳು.

“ಇವರನ್ನ ಕೇಳಮ್ಮ.”

ಪೆನ್ನು ಹಿಡಿದು ನರ್ಸ್ ಕಾಯುತ್ತಿದ್ದಳು. ರೇವಣಸಿದ್ದಯ್ಯನವರು ತಲೆ ತಗ್ಗಿಸಿ ಹೆಂಡತಿಯ ಬಲ ಮಂಡಿಯನ್ನೇ ನೋಡುತ್ತಿದ್ದರು.