ಸುಣ್ಣದ ಗೋಡೆಯ ಒಳಗೆ ಕೆರಿಯಪ್ಪ

೧

ಮಾತೇ ಆಡದವನ ಕಥೆಯನ್ನು ಹೇಗೆ ಶುರು ಮಾಡುವುದು, ನೀವೇ ಹೇಳಿ. ಮೊದಲ ಡ್ರಾಫ್ಟಿನಲ್ಲಿ “ನಮಸ್ಕಾರ, ಎಂದ ಕೆರಿಯಪ್ಪ” ಎಂದು ಬರೆದಿದ್ದೆ. ಅವನು ಪುಟದಿಂದಲೇ ಎದ್ದು ಹೋದ. (ನನ್ನ ಮಕ್ಕಳೂ ಅಷ್ಟೇ, ನಾಲ್ಕು ಮಾತು ಹೇಳಹೊರಟರೆ ಎದ್ದು ಹೋಗುತ್ತವೆ. ಅಭ್ಯಾಸವಾಗಿದೆ.)

೨

ಸರಿ, ನಾನೇ ಹೇಳುತ್ತೇನೆ. ಅರವತ್ಮೂರನೇ ಇಸವಿ. ಶರಾವತಿಯ ಅಣೆಕಟ್ಟಿಗೆ ಊರು ಬಿಟ್ಟುಕೊಟ್ಟವರು ಹೊಸನಗರದ ಕಡೆಯ ಒಂದು ಬಯಲಿಗೆ ಬಂದಿದ್ದರು. ಅವರಿಗೆ ಮನೆ ಕಟ್ಟಿಸುವ ಕೆಲಸ ಸಾಗರದ ಆರ್ಕಿಟೆಕ್ಟ್ ಹೂವಯ್ಯಗೌಡರದು. ಗೌಡರ ಕೈಕೆಳಗೆ ನಕ್ಷೆ ಬರೆಯುವವರು ಇಬ್ಬರು. ಒಬ್ಬ ಸುಬ್ಬಯ್ಯ, ಮಾತಿನಲ್ಲೇ ಮಹಡಿ ಎಬ್ಬಿಸುವವನು. ಇನ್ನೊಬ್ಬ ನಮ್ಮ ಕೆರಿಯಪ್ಪ. ಹೊಸನಗರದಲ್ಲಿ ತೆರೆಯಲಿದ್ದ ಹೊಸ ಆಫೀಸಿಗೆ ಇವರಲ್ಲೊಬ್ಬ ಮುಖ್ಯಸ್ಥನಾಗಬೇಕು. ಕೆರಿಯಪ್ಪನಿಗೆ ಆ ಕುರ್ಚಿ ಬೇಕಿತ್ತು. ಬೇಕೆಂದು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. (ನನಗೂ ಹೇಳಿಲ್ಲ. ಆದರೆ ಖಾಲಿ ಕುರ್ಚಿಯನ್ನು ಅವನು ನೋಡುವ ರೀತಿ ನನಗೆ ಗೊತ್ತು.)

೩

ಪಾಯ ತೋಡುವ ಮೊದಲು ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಮನೆಯ ಗೆರೆ ಎಳೆಯುತ್ತಾರಲ್ಲ, ಅದನ್ನು ಹುಲಿಯಮ್ಮ ನಂಬಿಬಿಟ್ಟಳು. ಊರಿಗೇ ಹಿರಿಯಳು, ಮೊದಲ ಮನೆ ಅವಳದು. ಬಾಗಿಲೆಂದು ಬಿಟ್ಟ ಜಾಗದಿಂದಲೇ ಒಳಹೊಕ್ಕು, ಒಲೆ ಬರಬೇಕಾದಲ್ಲಿ ಕೂತು, “ಇಲ್ಲಿಂದ ಜಗಲಿ ಮೇಲೆ ಯಾರ್ ಬಂದ್ರು ಅಂತ ಕಾಣದಿಲ್ಲ. ಈ ಮನೆ ಬ್ಯಾಡ,” ಅಂದಳು. ಅವಳು ಒಪ್ಪದೆ ಉಳಿದ ಮನೆಯವರೂ ಒಪ್ಪುವಂತಿರಲಿಲ್ಲ.

“ಹುಲಿಯಮ್ಮನ್ನ ಒಪ್ಸಿದವ್ನೇ ಹೊಸನಗರಕ್ಕೆ,” ಎಂದರು ಗೌಡರು.

ಸುಬ್ಬಯ್ಯ ಗೆರೆಯ ಆಚೆ ನಿಂತು ಗಾಳಿ, ಬೆಳಕು, ವೆಂಟಿಲೇಶನ್, ಪಂಚವಾರ್ಷಿಕ ಯೋಜನೆ, ಎಲ್ಲ ಹೇಳಿದ. ಹುಲಿಯಮ್ಮ ಕಿವಿಗೆ ಕೈ ಹಿಡಿದಳು.

“ಎಂತದೂ ಕೇಳ್ತಿಲ್ಲ ಅಯ್ಯಾ. ಗೋಡೆ ಅಡ್ಡ ಐತಲ್ಲ.”

“ಗೋಡೆ ಎಲ್ಲಿದೆ ಅಮ್ಮಾ? ಬರೀ ಸುಣ್ಣ!”

“ನೀವೇ ಗೋಡೆ ಅಂದ್ರಿ. ಈಗ ಸುಣ್ಣ ಅಂತೀರಿ. ನಾಳೆ ಮನೇನೂ ಹಿಂಗೇ ಅಂದ್ರೆ?”

೪ (ಹರಿದು ಹಾಕಿದ್ದು)

ಇಲ್ಲಿ ಕೆರಿಯಪ್ಪನಿಗೊಂದು ಭರ್ಜರಿ ಭಾಷಣ ಬರೆದುಕೊಟ್ಟೆ. ಚಪ್ಪಾಳೆಯನ್ನೂ ಸೇರಿಸಿದ್ದೆ.

“ಇದ್ನ ಸುಬ್ಬಯ್ಯಂಗೆ ಕೊಡಿ ಮಾರಾಯ್ರೆ. ಅವ್ನ ಹತ್ರ ಖರ್ಚಾಗ್ತದೆ,” ಎಂದ ಕೆರಿಯಪ್ಪ.

“ಬಾಯಿ ಬಿಡದೆ ಮೇಲೆ ಬರೋದು ಹೆಂಗೋ?” ಎಂದೆ ನಾನು.

ಹಾಳೆಯನ್ನು ನನ್ನ ಕಡೆಗೇ ತಳ್ಳಿದ. ನನಗೆ ಅಷ್ಟು ಹೇಳಿದ್ದಕ್ಕೇ ಅವನಿಗೆ ಸುಸ್ತಾಗಿತ್ತು.

೪ (ಮತ್ತೆ)

ಕೆರಿಯಪ್ಪ ಚಪ್ಪಲಿ ಬಿಟ್ಟ. ಇಲ್ಲದ ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಹೋದ. ಹುಲಿಯಮ್ಮನ ಪಕ್ಕ ಕೂತು ಅವಳು ನೋಡುತ್ತಿದ್ದ ಕಡೆಗೇ ನೋಡಿದ. ಬಹಳ ಹೊತ್ತು ಏನೂ ಆಗಲಿಲ್ಲ. (ಸಂಪಾದಕರೇ, ಈ ಹೊತ್ತನ್ನು ಕತ್ತರಿಸಬೇಡಿ.) ಆಮೇಲೆ ಎದ್ದು, ಜಗಲಿಯ ಕಡೆಯ ಸುಣ್ಣದ ಗೋಡೆಯನ್ನು ಒಂದು ಮೊಳದಷ್ಟು ಕಾಲಿನಿಂದ ಒರೆಸಿದ. ಬಂದು ಮತ್ತೆ ಕೂತ.

“ಹಾಂ! ಕಿಟಕಿ ಆತು, ಈಗ ಕಾಣ್ತದೆ,” ಎಂದಳು ಹುಲಿಯಮ್ಮ, ಜಗಲಿ ಬರಬೇಕಾದಲ್ಲಿ ನಿಂತಿದ್ದ ಗೌಡರನ್ನು ಕಂಡು. “ಓ, ಗೌಡ್ರು! ಯಾವಾಗ ಬಂದ್ರಿ? ಈ ತಮ್ಮ ಕಟ್ಟದಾದ್ರೆ ಕಟ್ಲಿ ಬಿಡಿ.”

ನೋಡುತ್ತ ನಿಂತಿದ್ದ ಊರವರೂ ಒಬ್ಬೊಬ್ಬರಾಗಿ ಬಾಗಿಲಲ್ಲಿ ತಗ್ಗಿ ಒಳಬಂದು ಕೂತರು. ಸುಬ್ಬಯ್ಯನೂ ಬಂದ, ಇಲ್ಲದ ಬಾಗಿಲ ಮೇಲ್ಪಟ್ಟಿ ಬಡಿದ ಹಣೆಯನ್ನು ಉಜ್ಜಿಕೊಳ್ಳುತ್ತ.

೫

ಮುಗಿಯಿತಲ್ಲ ಎನ್ನುತ್ತೀರಿ. ಗೌಡರು ಬಿಡಬೇಕಲ್ಲ!

“ಎಲ್ಲಾ ಸರಿ ಕಣೋ. ಆದ್ರೆ ಮುಖ್ಯಸ್ಥ ಆಗವ್ನು ಬಾಯ್ ಬಿಡ್ಬೇಕು. ಇಷ್ಟು ಜನರ ಎದುರು, ಆಫೀಸು ನಾನು ನಡೆಸ್ತೀನಿ ಅನ್ನು. ಕುರ್ಚಿ ನಿಂದು.”

ಮುಕ್ತಾಯ ಅ: ಅಂದ. (ಸುಳ್ಳು. ಆ ದನಿಯೇ ಅವನದಲ್ಲ.)

ಮುಕ್ತಾಯ ಆ: ಅನ್ನಲಿಲ್ಲ. ಕುರ್ಚಿ ಸುಬ್ಬಯ್ಯನಿಗೆ ಹೋಯಿತು. (ಇದಕ್ಕೆ ನನ್ನ ಪೆನ್ನು ಒಪ್ಪಿತು, ಹುಲಿಯಮ್ಮ ಒಪ್ಪಲಿಲ್ಲ.)

ಮುಕ್ತಾಯ ಇ: “ಹೊರಗೆ ನಿಂತು ಎಂತ ಕೂಗ್ತೀರಿ ಗೌಡ್ರೆ? ಒಳಗ್ ಬಂದು, ಕೂತು ಕೇಳಿ,” ಎಂದಳು ಹುಲಿಯಮ್ಮ.

ಗೌಡರು ಸುತ್ತ ನೋಡಿದರು. ಹೊರಗೆ ಉಳಿದವರು ಅವರೊಬ್ಬರೇ. ಕೆರಿಯಪ್ಪ ತುಸು ಸರಿದು ಪಕ್ಕದಲ್ಲಿ ಜಾಗ ಮಾಡಿದ. ಗೌಡರು ಬಾಗಿಲ ಮುಂದೆ ಕೂತು ಬೂಟು ಬಿಚ್ಚತೊಡಗಿದರು. ಲೇಸು ಗಂಟಾಗಿದೆ. ಇನ್ನೂ ಬಿಚ್ಚುತ್ತಿದ್ದಾರೆ. ಗಂಟು ಬಿಚ್ಚಲು ಕೈ ಜೋಡಿಸೋಣವೆಂದು ನಾನು ಎದ್ದರೆ ಕೆರಿಯಪ್ಪ ನನ್ನತ್ತ ಒಮ್ಮೆ ನೋಡಿದ, ಅಷ್ಟೆ.

ಕೂತೆ.